ಓಸ್ಲೋಗೂ ಬಾಗಲಕೋಟೆಗೂ ಏನು ಸಂಬಂಧ?

ಊರು ಸ್ಥಳಾಂತರ ಅಂದರೆ ಏನು ಅಂತ ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ದೇಶದ ರಾಜಧಾನಿಯೇ ಹಾಗೆ ಎದ್ದು ಆಚೆ ದಂಡೆಗೆ ಹೋಗಿ ಕೂತದ್ದು ಗೊತ್ತೇನ್ರಿ? ನಾರ್ವೆಯ ಓಸ್ಲೋ ಅದು.

ಸಮುದ್ರ ನೆಲದೊಳಗೆ ಉದ್ದಕ್ಕೆ ನುಗ್ಗಿ ಬಂದ ಕೊಲ್ಲಿಯ ತುದಿಗೆ ಈ ಊರು ಇದೆ. ಹೆಚ್ಚುಕಡಿಮೆ ಸಾವಿರ ವರ್ಷದ ಹಳೇ ಊರು. 1300ರ ಸುಮಾರಿಗೆ ಐದನೇ ಹಾಕೋನ್ ರಾಜ ಇಲ್ಲಿ ನೆಲೆ ನಿಂತ; ಆಕೆಶ್‌ಹುಸ್ ಕೋಟೆ ಶುರುವಾದದ್ದೂ ಅವನ ಕಾಲದಲ್ಲೇ. ಮನೆಗಳೆಲ್ಲ ಕಟ್ಟಿಗೆಯವು. 1624ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಮೂರು ದಿನ ಉರಿಯಿತು. ಆಗ ನಾರ್ವೆಯನ್ನು ಆಳುತ್ತಿದ್ದವನು ಡೆನ್ಮಾರ್ಕ್‌ನ ರಾಜ ನಾಲ್ಕನೇ ಕ್ರಿಶ್ಚಿಯನ್. ಸುಟ್ಟ ಜಾಗದಲ್ಲಿ ಮತ್ತೆ ಮನೆ ಏಳಬಾರದು, ನೀರಿನ ಆಚೆ ಕೋಟೆಯ ಬುಡಕ್ಕೆ ಹೊಸ ಊರು ಕಟ್ಟಿ ಅಂತ ಅವನ ಅಪ್ಪಣೆ ಆಯಿತು. ಬೆಂಕಿ ಹರಡದಂತೆ ಅಗಲವಾದ ನೇರ ರಸ್ತೆಗಳು. ಅನುಕೂಲಸ್ಥರು ಇಟ್ಟಿಗೆ-ಕಲ್ಲಿನಲ್ಲೇ ಕಟ್ಟಬೇಕು. ಊರಿಗೆ ತನ್ನದೇ ಹೆಸರು ಇಟ್ಟ, ಕ್ರಿಸ್ಟಿಯಾನಿಯಾ ಅಂತ. ರಾಜ ಬೆರಳು ತೋರಿಸಿ "ಇಲ್ಲೇ ಆಗಲಿ" ಅಂದನೆಂಬ ಕಥೆಗಾಗಿ ಅಲ್ಲಿನ ಒಂದು ಚೌಕದಲ್ಲಿ ಕೈಗವಸಿನ ಶಿಲ್ಪವನ್ನೂ ನಿಲ್ಲಿಸಿದ್ದಾರೆ!

ನಮ್ಮ ಊರು ಎದ್ದದ್ದು ಆಲಮಟ್ಟಿ ಅಣೆಕಟ್ಟಿನಿಂದ. ಅದಕ್ಕೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಘಟಪ್ರಭೆಯ ದಂಡೆಯ ಪೇಟೆ ಹಿನ್ನೀರಿಗೆ ಸಿಗುತ್ತದೆ ಅಂತಾದ ಮೇಲೆ ಎಂಬತ್ತರ ದಶಕದಲ್ಲಿ ನವನಗರದ ಯೋಜನೆ ಆಯಿತು. ನಕ್ಷೆ ಹಾಕಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಇಲ್ಲೂ ಅಗಲವಾದ ರಸ್ತೆ. ಓಣಿಯ ಹೆಸರಿನ ಬದಲು ಸೆಕ್ಟರ್ ನಂಬರ್.

ಒಂದು ದೊಡ್ಡ ವ್ಯತ್ಯಾಸ ಅದ. ಓಸ್ಲೋದ ಬೆಂಕಿ ಮೂರು ದಿನದಲ್ಲಿ ಲೆಕ್ಕ ಚುಕ್ತಾ ಮಾಡಿತು, ನಮ್ಮ ನೀರು ಕಂತಿನ ಮೇಲೆ ಬರುತ್ತದೆ. ಜಲಾಶಯದಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿತು. ಕಾಗದದ ಮೇಲೆ ನಾಲ್ಕೂವರೆ ಮೀಟರ್ ಚಿಲ್ಲರೆ, ಅಷ್ಟೇ. ಆದರೆ ಆ ಚಿಲ್ಲರೆಯೊಳಗೆ ಹಳೇ ಊರಿನ ಮನೆಗಳಿವೆ, ಅಂಗಡಿಗಳಿವೆ, ಸುತ್ತಲ ಹಳ್ಳಿಗಳ ಹೊಲಗಳಿವೆ. ನೀರು ಬೇಡ ಅನ್ನುವವನು ನಾನಲ್ಲ. ವಿಜಯಪುರ, ರಾಯಚೂರು, ಕಲಬುರಗಿ ಕಡೆಯ ಒಣ ಹೊಲಕ್ಕೆ ಅದು ಹೋಗಲೇಬೇಕು. ಆದರೆ ಮುಳುಗುವ ಪಟ್ಟಿಯಲ್ಲಿರೋ ಮನೆಯವನು ಎಷ್ಟು ವರ್ಷ ಹಂಗೇ ಕೂಡಬೇಕು? ಮಾಳಿಗೆ ಸೋರಿದರೆ ದುರಸ್ತಿಗೆ ದುಡ್ಡು ಹಾಕಬೇಕೋ ಬ್ಯಾಡೋ? ಮಗನಿಗೆ ಮದುವೆ ಆದರೆ ಮೇಲೊಂದು ಖೋಲಿ ಏರಿಸಬೇಕೋ ಬ್ಯಾಡೋ? ಬೇರೆ ಯಾರೂ ಆ ಮನೆಯನ್ನು ಕೊಳ್ಳೋದೂ ಇಲ್ಲ. ಸಾಫ್ಟ್‌ವೇರ್‌ನಲ್ಲಿ ನಾವು ಹಳೇ ಸಿಸ್ಟಮ್ ಬಂದ್ ಮಾಡುವಾಗ ಒಂದು ತಾರೀಖು ಕೊಡುತ್ತೇವೆ. ಊರಿಗೆ ಅಷ್ಟನ್ನೂ ಕೊಟ್ಟಿಲ್ಲ.

ಇನ್ನು ಹೆಸರಿನ ಮಾತು. ಓಸ್ಲೋದ ಸುಟ್ಟ ಜಾಗ ಹೊಸ ಊರಿನ ಗಡಿಯ ಹೊರಗೆ ಬಡವರ ವಸತಿಯಾಗಿ ಉಳಿಯಿತು. ಜನ ಅದನ್ನು ಓಸ್ಲೋ ಅಂತಲೇ ಕರೆದರು. 1859ರಲ್ಲಿ ಅದು ನಗರಕ್ಕೆ ಸೇರಿತು. ಆಮೇಲೆ 1925ರ ಜನವರಿ 1ರಂದು ಇಡೀ ರಾಜಧಾನಿಯೇ ರಾಜನ ಹೆಸರು ಬಿಟ್ಟು ಹಳೇ ಹೆಸರು ತಗೊಂಡಿತು. ಸುಮಾರು 300 ವರ್ಷ ಆ ಹೆಸರನ್ನು ಕಾದವರು ಊರ ಹೊರಗಿನವರು ಅನ್ನೋದು ನನಗೆ ಭಾಳ ಹಿಡಿಸಿತು.

ನಮ್ಮಲ್ಲಿ ಆ ಕೆಲಸ ಮಾಡುತ್ತಿರೋದು ಹೋಳಿ ಹಬ್ಬ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ: ಹಲಗಿ ಬಾರಿಸುತ್ತ ಬಣ್ಣದ ಬಂಡಿ ಹೊರಟರೆ ಈ ಹೆಸರುಗಳೇ ಕೇಳುತ್ತವೆ, ಸೆಕ್ಟರ್ ನಂಬರ್ ಯಾರ ಬಾಯಲ್ಲೂ ಬರೋದಿಲ್ಲ. ಆದರೆ ಹಬ್ಬಕ್ಕೆ ನೆನಪಿರೋದು ದೊಡ್ಡ ಓಣಿಗಳಷ್ಟೇ. ಸಣ್ಣ ಸಂದಿ, ಕಟ್ಟೆ, ಬಾವಿಗಳ ಹೆಸರು ಈಗ ಎಪ್ಪತ್ತು ದಾಟಿದವರ ಹತ್ತಿರ ಮಾತ್ರ ಇವೆ. ನವನಗರದ ಅಡ್ಡರಸ್ತೆಗಳಿಗೆ ಅವನ್ನೇ ಇಡಬಹುದಲ್ಲ? ಬೋರ್ಡು ಬರೆಸೋದಕ್ಕೆ ನ್ಯಾಯಮಂಡಳಿಗೆ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಹಿರಿಯರು ಹೇಳುವ ಹಳೇ ಊರಿನ ಹೆಸರುಗಳಿದ್ದರೆ, ಅಲ್ಲಿ ಏನಿತ್ತು ಅನ್ನೋದನ್ನೂ ಸೇರಿಸಿ ಬರೆದು ಕಳಿಸಿ.