ಕೂಡಿಹಾಕಿದ ನಾಯಿಗಳ ಲೆಕ್ಕ ಕೇಳುವವರು ಯಾರು?

ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ ಆಶ್ರಯತಾಣಕ್ಕೆ ಸೇರಿಸಬೇಕು, ಹಿಡಿದ ಜಾಗಕ್ಕೆ ಮತ್ತೆ ತಂದು ಬಿಡಕೂಡದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಅಲ್ಲಿಂದೀಚೆಗೆ ನಡೆದ ವಾದವೆಲ್ಲ ನಾಯಿಯನ್ನು ಹಿಡಿಯಬೇಕೋ ಬೇಡವೋ ಎಂಬುದರ ಸುತ್ತಲೇ ಸುತ್ತಿದೆ. ಹಿಡಿದ ನಾಯಿ ಹೋಗಿ ಸೇರುವ ಜಾಗ ಹೇಗಿರಬೇಕು, ಅದನ್ನು ಯಾರು ನೋಡಬೇಕು ಎಂಬ ಮಾತು ಹಿಂದೆ ಬಿದ್ದಿದೆ. ಯಾದಗಿರಿಯಂಥ ಜಿಲ್ಲೆಗೆ ದೊಡ್ಡ ಪ್ರಶ್ನೆ ಇದೇ.

ಯಾದಗಿರಿ ತಾಲ್ಲೂಕಿನ ಅಬ್ಬೆತುಮಕೂರನ್ನೇ ತೆಗೆದುಕೊಳ್ಳಿ. ವಿಶ್ವಾರಾಧ್ಯರ ಮಠದಿಂದ ಹೆಸರಾದ ಊರು. ಇಂಥ ಊರುಗಳಲ್ಲಿ ದಾಸೋಹ, ಜಾತ್ರೆ, ಮದುವೆ ಎಂದರೆ ಉಂಡೆದ್ದ ಎಲೆ ಬೀಳುವ ಕಡೆ ನಾಯಿಗಳು ನೆರೆಯುತ್ತವೆ. ಮರುದಿನ ಅವೇ ಶಾಲೆಯ ಬಿಸಿಯೂಟದ ಕೋಣೆಯ ಹಿಂದೆ, ಬಸ್ ನಿಲ್ಲುವ ಕಟ್ಟೆಯ ನೆರಳಿನಲ್ಲಿ ಮಲಗಿರುತ್ತವೆ. ಅವುಗಳಲ್ಲಿ ಕೆಲವು ಯಾರದೂ ಅಲ್ಲ, ಕೆಲವು ಇಡೀ ಓಣಿಯವು, ಕೆಲವು ಕುರಿಗಾರರವು. ಕೊರಳಲ್ಲಿ ಪಟ್ಟಿಯಿಲ್ಲ, ಕೈಯಲ್ಲಿ ಕಾಗದವಿಲ್ಲ. ಶಾಲೆಯ ಕಾಂಪೌಂಡಿನೊಳಗೆ ಸಿಕ್ಕ ನಾಯಿಯನ್ನು ಗಾಡಿಗೆ ಹತ್ತಿಸಿದರೆ ಆ ಗಾಡಿ ಎಲ್ಲಿಗೆ ಹೋಗಬೇಕು?

ನಮ್ಮಲ್ಲಿ ಈವರೆಗೆ ಇದ್ದ ವ್ಯವಸ್ಥೆ ನಾಯಿಯನ್ನು ಇಟ್ಟುಕೊಳ್ಳುವುದಕ್ಕಾಗಿ ರೂಪುಗೊಂಡದ್ದಲ್ಲ. 2023ರ ಮಾರ್ಚ್‌ನಲ್ಲಿ ಹೊರಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಗಾಯ ಮಾಯುವವರೆಗೆ ಕೆಲವು ದಿನ ಆರೈಕೆ ಮಾಡಿ, ಕಿವಿಯ ತುದಿಗೆ ಗುರುತಿನ ಕತ್ತರಿ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಆ ನಿಯಮಗಳಲ್ಲಿ ಬರುವ ಬೋನು, ವಾರ್ಡು, ದಾಖಲೆ ಎಲ್ಲವೂ ಬಂದು ಹೋಗುವ ನಾಯಿಗಾಗಿ. 2025ರ ಆಗಸ್ಟ್ 11ರಂದು ದೆಹಲಿಯ ನಾಯಿಗಳನ್ನೆಲ್ಲ ಕೂಡಿಹಾಕಲು ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿದಾಗ ದೇಶವೆಲ್ಲ ಗದ್ದಲವೆದ್ದಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಸಡಿಲಿಸಿ, ರೇಬಿಸ್ ತಗುಲಿದ ಮತ್ತು ತೀರಾ ಆಕ್ರಮಣಕಾರಿಯಾದ ನಾಯಿಗಳನ್ನು ಬಿಟ್ಟು ಉಳಿದವನ್ನು ಮರಳಿ ಬಿಡಲು ಹೇಳಿತು. ನವೆಂಬರಿನ ಆದೇಶ ಮತ್ತೆ ಒಂದು ವರ್ಗದ ನಾಯಿಗಳಿಗೆ ಮರಳುವ ದಾರಿಯನ್ನು ಮುಚ್ಚಿದೆ. ನಾಯಿ ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿ. ಯಾದಗಿರಿ ಬಸ್ ನಿಲ್ದಾಣದಲ್ಲಿ ಇಂದು ಹಿಡಿದ ಒಂದು ವರ್ಷದ ನಾಯಿಗೆ ಮುಂದಿನ ಹತ್ತು ವರ್ಷ ಅನ್ನ ಹಾಕುತ್ತೇವೆ ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ಈ ಒಪ್ಪಿಗೆಯ ಭಾರ ಎಷ್ಟೆಂದು ಎಷ್ಟು ಮಂದಿ ಅಧಿಕಾರಿಗಳು ಲೆಕ್ಕ ಹಾಕಿದ್ದಾರೋ ತಿಳಿಯದು.

ಟರ್ಕಿ ದೇಶ 2024ರ ಜುಲೈನಲ್ಲಿ ಬೀದಿನಾಯಿಗಳನ್ನು ಆಶ್ರಯತಾಣಕ್ಕೆ ಸೇರಿಸುವ ಕಾನೂನು ಮಾಡಿತು. ಆಗ ಅಲ್ಲಿ ಸುಮಾರು 40 ಲಕ್ಷ ಬೀದಿನಾಯಿಗಳಿದ್ದರೆ, ಆಶ್ರಯತಾಣಗಳಲ್ಲಿ ಇದ್ದ ಜಾಗ ಸುಮಾರು ಒಂದು ಲಕ್ಷ ನಾಯಿಗಳಿಗೆ. ಜಾಗ ಮಾಡದೆ ಹಿಡಿಯಲು ಹೊರಟರೆ ಉಳಿದ ನಾಯಿಗಳ ಗತಿ ಏನು ಎಂಬ ಪ್ರಶ್ನೆಯನ್ನು ಅಲ್ಲಿನ ಜನ ಬೀದಿಗಿಳಿದು ಕೇಳಿದರು.

ನಮ್ಮ ಸೀಮೆಗೆ ಇನ್ನೊಂದು ಕಷ್ಟವಿದೆ, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಲಾಗುತ್ತದೆ. ಮನುಷ್ಯರು ಆ ಹೊತ್ತಿಗೆ ಕುರ್ಚಿಯ ಮೇಲೆ ಕೂರಲಾರರು ಎಂದು ಸರ್ಕಾರವೇ ಒಪ್ಪಿಕೊಂಡ ಬಿಸಿಲದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದು ನಾಲಿಗೆ ಚಾಚಿ ತೇಕಿಯೇ ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಹೊರಗಿದ್ದ ನಾಯಿ ಚರಂಡಿಯ ತಂಪು ಮಣ್ಣು ಕೆದರಿ ಮಲಗುತ್ತದೆ, ಬೇವಿನ ನೆರಳು ಸರಿದಂತೆಲ್ಲ ತಾನೂ ಸರಿಯುತ್ತದೆ. ತಗಡಿನ ಶೆಡ್ಡಿನ ಸಿಮೆಂಟು ನೆಲದ ಮೇಲೆ ಬೋನಿನಲ್ಲಿರುವ ನಾಯಿಗೆ ಆ ದಾರಿಯಿಲ್ಲ. ಮಧ್ಯಾಹ್ನ ಎರಡಕ್ಕೆ ನೀರಿನ ಬೋಗುಣಿ ಉರುಳಿಬಿದ್ದರೆ ಸಂಜೆ ಕಾವಲುಗಾರ ಬರುವವರೆಗೆ ಉರುಳಿಯೇ ಇರುತ್ತದೆ. ಆದ್ದರಿಂದ ಇಲ್ಲಿ ಆಶ್ರಯತಾಣ ಕಟ್ಟುವವರು ನೆರಳು, ಗಾಳಿ, ನೀರನ್ನು ಟೆಂಡರಿನ ಕೊನೆಯ ಪುಟಕ್ಕೆ ತಳ್ಳಕೂಡದು. ತಗಡಿನ ಮೇಲೆ ಹುಲ್ಲಿನ ಅಥವಾ ಸೋಗೆಯ ಹೊದಿಕೆ, ಮರಗಳಿರುವ ಬಯಲು, ಮಧ್ಯಾಹ್ನದ ಪಾಳಿಗೆ ಪ್ರತ್ಯೇಕ ಆಳು ಇವೆಲ್ಲ ಇದ್ದರೆ ಮಾತ್ರ ಅದು ಆಶ್ರಯ.

ಬಿಸಿಲಿಗಿಂತ ಬೇಗ ಕೊಲ್ಲುವುದು ರೋಗ. ಬೇರೆ ಬೇರೆ ಓಣಿಯ ನಾಯಿಗಳನ್ನು ಒಂದೇ ಕೋಣೆಗೆ ತುಂಬಿದರೆ ಮೊದಲು ಕಾದಾಟ, ಆಮೇಲೆ ಡಿಸ್ಟೆಂಪರ್, ಪಾರ್ವೊ, ಉಣ್ಣೆ ಜ್ವರ, ಕಜ್ಜಿ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ಮರಿಗಳಿಗೆ ಅದು ಸಾವೇ ಸರಿ. ರೇಬಿಸ್ ತಗುಲಿದ ನಾಯಿ ಲಕ್ಷಣ ತೋರಿಸದೆ ವಾರಗಟ್ಟಲೆ ಇರಬಹುದು. ಹೊಸದಾಗಿ ಬಂದ ನಾಯಿಯನ್ನು ಬೇರೆ ಇಟ್ಟು ನೋಡುವ ಕೋಣೆಯಿಲ್ಲದ ಆಶ್ರಯತಾಣ ರೋಗದ ಗೋದಾಮಾಗುತ್ತದೆ. ಅಲ್ಲಿ ಕೆಲಸ ಮಾಡುವ ಪೌರಕಾರ್ಮಿಕನಿಗೂ ಅಪಾಯ. ನಾಯಿ ಹಿಡಿಯುವವರಿಗೆ, ಬೋನು ತೊಳೆಯುವವರಿಗೆ ಮುಂಚಿತವಾಗಿಯೇ ರೇಬಿಸ್ ಚುಚ್ಚುಮದ್ದು ಆಗಿದೆಯೇ ಎಂದು ಕೇಳುವುದು ಪ್ರಾಣಿ ದಯೆಯ ಮಾತಷ್ಟೇ ಅಲ್ಲ.

ಇನ್ನು ಮೇಲ್ವಿಚಾರಣೆಯ ವಿಷಯ. ಕಾಗದದಲ್ಲಿ ಅದಕ್ಕೆ ಕೊರತೆಯಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಿದೆ. ಆ ಕಾಯ್ದೆಯಡಿ 1962ರಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಅವರ ಅಧ್ಯಕ್ಷತೆಯಲ್ಲಿ ಶುರುವಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಿದೆ. 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು. ಸಂತಾನ ನಿಯಂತ್ರಣಕ್ಕೆ ಸ್ಥಳೀಯ ಮೇಲ್ವಿಚಾರಣಾ ಸಮಿತಿಯಿದೆ, ಅದರ ಅಧ್ಯಕ್ಷರು ಆಯಾ ಸ್ಥಳೀಯ ಸಂಸ್ಥೆಯ ಮುಖ್ಯಸ್ಥರೇ. ತೊಡಕಿರುವುದು ಇಲ್ಲಿ. ನಾಯಿ ಹಿಡಿಯುವ ಏಜೆನ್ಸಿಗೆ ಟೆಂಡರ್ ಕೊಡುವವರು, ಬಿಲ್ ಪಾಸು ಮಾಡುವವರು, ಕೆಲಸ ಸರಿಯಾಯಿತೇ ಎಂದು ನೋಡುವವರು ಎಲ್ಲರೂ ಒಂದೇ ಕಚೇರಿಯವರು. ಏಜೆನ್ಸಿಗೆ ಹಣ ಸಿಗುವುದು ತಲೆಗೆ ಇಷ್ಟೆಂದು. ಹೀಗಾಗಿ ಬಿಲ್ಲಿಗೆ ಮೊದಲು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಗಳನ್ನು ಎಣಿಸಿ ಲೆಕ್ಕ ತಾಳೆ ನೋಡುವ ಪದ್ಧತಿ ಬಂತು. ಹಣ ಸೋರದಂತೆ ನೋಡಿಕೊಳ್ಳಲು ಅದು ಬೇಕಾದದ್ದೇ. ಅಂಗಗಳನ್ನು ಎಣಿಸುವಷ್ಟೇ ಶಿಸ್ತಿನಿಂದ ಬದುಕಿರುವ ನಾಯಿಗಳನ್ನೂ ಎಣಿಸಬೇಕಲ್ಲವೇ? ಒಳಗೆ ಬಂದವು ಎಷ್ಟು, ಸತ್ತವು ಎಷ್ಟು, ಯಾವುದರಿಂದ ಸತ್ತವು, ಹೊರಗೆ ಹೋದವು ಎಷ್ಟು?

ಈ ಪ್ರಶ್ನೆ ಹೊಸದೇನಲ್ಲ. ನಮ್ಮ ಕಡೆಯ ಹಿರಿಯರಿಗೆ ಕೊಂಡವಾಡ ಗೊತ್ತು. ಬೆಳೆ ಮೇಯ್ದ ದನವನ್ನು ಹೊಡೆದುಕೊಂಡು ಹೋಗಿ ಕಟ್ಟುತ್ತಿದ್ದ ದೊಡ್ಡಿ ಅದು. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಿಗಾಗಿ 1871ರಲ್ಲಿ ಬಂದ ದನಗಳ ಅತಿಕ್ರಮಣ ಕಾಯ್ದೆಯನ್ನು ತೆರೆದು ನೋಡಿದರೆ ಅಚ್ಚರಿಯಾಗುತ್ತದೆ. ಅಂದು ನಿಜಾಮನ ಸೀಮೆಯಾಗಿದ್ದ ನಮಗೆ ಅದು ನೇರವಾಗಿ ಅನ್ವಯಿಸುತ್ತಿರಲಿಲ್ಲ ನಿಜ. ಆದರೆ ಅದರ ಶಿಸ್ತು ನೋಡಿ: ದೊಡ್ಡಿಯ ಕಾವಲುಗಾರ ಬಂದ ದನದ ಸಂಖ್ಯೆ, ಗುರುತು, ಬಂದ ದಿನ ಮತ್ತು ಹೊತ್ತು, ತಂದವನ ಹೆಸರು, ಗೊತ್ತಿದ್ದರೆ ಒಡೆಯನ ಹೆಸರು ಎಲ್ಲವನ್ನೂ ಬರೆದಿಡಬೇಕು. ಬರೆದದ್ದರ ನಕಲನ್ನು ತಂದವನಿಗೆ ಕೊಡಬೇಕು. ದಂಡ ಎಷ್ಟು, ಮೇವು ನೀರಿಗೆ ಎಷ್ಟು ಎಂಬ ಪಟ್ಟಿಯನ್ನು ದೊಡ್ಡಿಯ ಮುಂದೆ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಮೇವು ನೀರು ಕೊಡದ ಕಾವಲುಗಾರನಿಗೆ 50 ರೂಪಾಯಿವರೆಗೆ ದಂಡ. ಆ ಕಾಲದ 50 ರೂಪಾಯಿ ಸಣ್ಣ ಮೊತ್ತವಲ್ಲ. ತೊಂಬತ್ತು ವರ್ಷಗಳಾಚೆ, 1960ರ ಕಾಯ್ದೆಯಲ್ಲಿ ಪ್ರಾಣಿಗೆ ಮೇವು ನೀರು ಕೊಡದೆ, ಅಲುಗಾಡಲೂ ಆಗದ ಬೋನಿನಲ್ಲಿಟ್ಟು ಹಿಂಸಿಸಿದವನಿಗೆ ಮೊದಲ ಸಲ ವಿಧಿಸುವ ದಂಡ 10ರಿಂದ 50 ರೂಪಾಯಿ. ಇಂದಿಗೂ ಅಷ್ಟೇ. ಅದನ್ನು ಏರಿಸುವ ತಿದ್ದುಪಡಿಯ ಕರಡು 2022ರಲ್ಲಿ ಪ್ರಕಟವಾಯಿತು. ಅದು ಕಾನೂನಾಗುವವರೆಗೆ ಆಶ್ರಯತಾಣದ ಗುತ್ತಿಗೆದಾರನನ್ನು ಹದ್ದುಬಸ್ತಿನಲ್ಲಿಡಲು ದಂಡದ ಮೊತ್ತವನ್ನು ನಂಬಿ ಕೂರುವಂತಿಲ್ಲ. ಗುತ್ತಿಗೆಯ ಕರಾರಿನಲ್ಲೇ ಬಿಗಿ ಇರಬೇಕು, ಸತ್ತ ನಾಯಿಗೆ ಕಾರಣ ಬರೆಯದಿದ್ದರೆ ಹಣ ನಿಲ್ಲಬೇಕು.

ಹಣ ನಿಂತಾಗ ಆಗುವ ಅನಾಹುತದ ಬಗ್ಗೆಯೂ ಎಚ್ಚರ ಬೇಕು. 2016ರ ಆಗಸ್ಟಿನಲ್ಲಿ ಜೈಪುರದ ಹಿಂಗೋನಿಯಾ ಗೋಶಾಲೆಯಲ್ಲಿ ಕೂಲಿ ಸಿಗದ ಗುತ್ತಿಗೆ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮಳೆಯ ಕೆಸರು, ಸಗಣಿಯಲ್ಲಿ ಹೂತು, ಮೇವಿಲ್ಲದೆ ಎರಡು ವಾರಗಳಲ್ಲಿ 500ಕ್ಕೂ ಹೆಚ್ಚು ದನಗಳು ಸತ್ತವು. ಗೋವನ್ನು ಪೂಜಿಸುವ ನಾಡಿನಲ್ಲಿ, ನಗರಪಾಲಿಕೆಯದೇ ಗೋಶಾಲೆಯಲ್ಲಿ ಹೀಗಾಯಿತು. ಯಾರೂ ಪೂಜಿಸದ ಬೀದಿನಾಯಿಗೆ ಯಾವ ಕಾವಲು? ದಂಡ ಹಿಡಿಯಬೇಕಾದದ್ದು ಗುತ್ತಿಗೆದಾರನ ಲಾಭದಿಂದ. ಆಳುಗಳ ಕೂಲಿ ಮತ್ತು ಪ್ರಾಣಿಗಳ ಆಹಾರಕ್ಕೆ ಬೇರೆಯೇ ಖಾತೆ ಇರಬೇಕು.

ಕಚ್ಚಿಸಿಕೊಂಡವರ ನೋವನ್ನು ಮರೆತು ಈ ಮಾತು ಆಡುತ್ತಿಲ್ಲ. 2024ರಲ್ಲಿ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ನಾಯಿ ಕಡಿತಗಳು ದಾಖಲಾದವು. ಕಡಿತಕ್ಕೆ ಸಿಗುವವರಲ್ಲಿ ಆಡಲು ಹೋದ ಮಕ್ಕಳು, ನಸುಕಿನಲ್ಲಿ ಹೊಲಕ್ಕೆ ಹೊರಟ ಹೆಣ್ಣುಮಕ್ಕಳು, ಹಾದಿ ಬದಿ ಮಲಗುವ ಬಡವರೇ ಹೆಚ್ಚು. ಅವರ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿಗೆ ಸರ್ಕಾರ ಸರಿಯಾದ ಉತ್ತರ ಕೊಡದೇ ಹೋದಾಗ ಏನಾಗುತ್ತದೆ ಎಂಬುದನ್ನೂ ರಾಜ್ಯ ನೋಡಿದೆ. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂಳಿದ ಪ್ರಕರಣ ಪೊಲೀಸರವರೆಗೆ ಹೋಯಿತು. ಪಂಚಾಯಿತಿಗೆ ನಾಯಿ ಹಿಡಿಯುವ ಹೊಣೆ ಇದೆ, ಪಶುವೈದ್ಯರಿಲ್ಲ, ಶೆಡ್ಡಿಲ್ಲ, ಅನುದಾನವಿಲ್ಲ. ಜನರ ಒತ್ತಾಯ ಮಾತ್ರ ದಿನವೂ ಇದೆ. ಇಂಥ ಕಡೆ ‘ಆಶ್ರಯತಾಣಕ್ಕೆ ಸಾಗಿಸಲಾಗಿದೆ’ ಎಂಬ ಒಂದು ಸಾಲಿನ ಹಿಂದೆ ಏನು ಬೇಕಾದರೂ ಅಡಗಬಹುದು.

ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳು, ಗುರುಮಠಕಲ್, ಕೆಂಭಾವಿ, ಕಕ್ಕೇರಾ, ಹುಣಸಗಿ ಪಟ್ಟಣಗಳು ತಲಾ ಒಂದು ತಗಡಿನ ಶೆಡ್ ಹಾಕಿ ಆದೇಶ ಪಾಲಿಸಿದೆವು ಎಂದು ವರದಿ ಕಳಿಸುವುದು ಸುಲಭ. ನನ್ನ ಮಟ್ಟಿಗೆ ಅದು ತಪ್ಪು ದಾರಿ. ಇಡೀ ಜಿಲ್ಲೆಗೆ ಒಂದೋ ಎರಡೋ ಸರಿಯಾದ ಕೇಂದ್ರಗಳು ಸಾಕು: ಶಸ್ತ್ರಚಿಕಿತ್ಸಾ ಕೊಠಡಿ, ರೋಗಿ ನಾಯಿಗಳಿಗೆ ಬೇರೆ ವಾರ್ಡು, ಪೂರ್ಣಾವಧಿ ಪಶುವೈದ್ಯ, ಎಷ್ಟು ನಾಯಿಗಳಿಗೆ ಜಾಗ ಎಂದು ಗೋಡೆಯ ಮೇಲೆ ಬರೆದ ಮಿತಿ. ಮಿತಿ ತುಂಬಿದ ದಿನ ಹಿಡಿಯುವುದು ನಿಲ್ಲಬೇಕು. ಶಾಲೆ ಆಸ್ಪತ್ರೆಗಳಿಗೆ ಬೇಲಿ ಹಾಕಿ ಗೇಟು ಮುಚ್ಚಿಡಬೇಕೆಂದೂ ಅದೇ ಆದೇಶದಲ್ಲಿದೆ. ಬೇಲಿ ಹಾಕಿ, ಬಿಸಿಯೂಟದ ಉಳಿಕೆಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಹಿಡಿಯಬೇಕಾದ ನಾಯಿಗಳ ಸಂಖ್ಯೆಯೇ ಇಳಿಯುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ರಸ್ತೆ, ಕಟ್ಟಡಗಳಿಗೆ ಕೋಟಿಗಟ್ಟಲೆ ಹರಿಯುತ್ತಿರುವಾಗ ಈ ಕೆಲಸಕ್ಕೆ ಹಣವಿಲ್ಲ ಎನ್ನಲಾಗದು.

ಆಡಳಿತಕ್ಕೆ ಶಕ್ತಿಯಿಲ್ಲ ಎಂದೂ ನಾನು ನಂಬುವುದಿಲ್ಲ. ಇದೇ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಗೆ ಬರುವ ಭಕ್ತರು ಮೈಲಾರಲಿಂಗೇಶ್ವರನ ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿ ಎಸೆಯುತ್ತಿದ್ದರು. ಜಿಲ್ಲಾಡಳಿತ ಅದನ್ನು ನಿಷೇಧಿಸಿತು. ಜಾತ್ರೆಯ ಹೊತ್ತಿಗೆ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ, ಪೊಲೀಸರು ಮತ್ತು ಪಶುಸಂಗೋಪನಾ ಇಲಾಖೆಯವರು ಮರಿಗಳನ್ನು ವಶಪಡಿಸಿಕೊಳ್ಳುತ್ತಾರೆ. ಗೊರವರು ನಾಯಿಯಂತೆ ಬೊಗಳಿ ಸೇವೆ ಸಲ್ಲಿಸುವ ದೇವರ ಜಾತ್ರೆಯಲ್ಲಿ, ಲಕ್ಷಾಂತರ ಜನರ ನಂಬಿಕೆಯ ಎದುರು ನಿಂತು ಒಂದು ಮೂಕಪ್ರಾಣಿಯ ಪರ ಕಾನೂನು ಜಾರಿ ಮಾಡಿದ ಆಡಳಿತವಿದು. ನಾಲ್ಕು ಗೋಡೆಯ ಒಂದು ಆಶ್ರಯತಾಣಕ್ಕೆ ತಿಂಗಳಿಗೊಮ್ಮೆ ಹೋಗಿ ನೋಡುವುದು ಇದಕ್ಕಿಂತ ಕಷ್ಟದ ಕೆಲಸವಲ್ಲ.

ಸ್ವಂತ ಖರ್ಚಿನಲ್ಲಿ ಗಾಯಗೊಂಡ ನಾಯಿಗಳನ್ನು ಸಾಕುವವರ ಮಾತು ಬೇರೆ. ಹತ್ತು ನಾಯಿ ನೋಡಿಕೊಳ್ಳಬಲ್ಲ ಒಳ್ಳೆಯ ಮನಸ್ಸಿನವರು ಇಲ್ಲವೆನ್ನಲಾರದೆ ಐವತ್ತನ್ನು ಸೇರಿಸಿಕೊಂಡು ಕೊನೆಗೆ ಯಾವುದಕ್ಕೂ ಸರಿಯಾಗಿ ಅನ್ನ, ಔಷಧಿ ಒದಗಿಸಲಾರದ ಸ್ಥಿತಿಗೆ ಬರುವುದುಂಟು. ಸ್ಕಾಟ್ಲೆಂಡ್ 2021ರ ನಿಯಮಗಳಿಂದ ಪ್ರಾಣಿ ರಕ್ಷಣಾ ಕೇಂದ್ರಗಳಿಗೂ ಪರವಾನಗಿ ಕಡ್ಡಾಯ ಮಾಡಿತು. ನಮ್ಮಲ್ಲೂ ನೋಂದಣಿ ಬೇಕು, ನೋಂದಣಿಯ ಜೊತೆಗೆ ಲಸಿಕೆ ಮತ್ತು ಪಶುವೈದ್ಯರ ನೆರವೂ ಸಿಗಬೇಕು. ನೆರವಿಲ್ಲದ ನೋಂದಣಿ ಅವರನ್ನು ಓಡಿಸುತ್ತದೆ ಅಷ್ಟೇ.

ಕುರಿಗಾರನ ನಾಯಿಯ ವಿಷಯ ಉಳಿಯಿತು. ತೋಳದಿಂದ ಮಂದೆ ಕಾಯುವ ನಾಯಿ ಸಂತೆಯ ದಿನ ಒಡೆಯನ ಹಿಂದೆ ಬಂದು ಬಸ್ ನಿಲ್ದಾಣದಲ್ಲಿ ಗಾಡಿಯವರ ಕೈಗೆ ಸಿಕ್ಕರೆ ಅವನು ಎಲ್ಲಿ ಹುಡುಕಬೇಕು? ಕೊಂಡವಾಡದಿಂದ ದಂಡ ಕಟ್ಟಿ ಎತ್ತು ಬಿಡಿಸಿಕೊಂಡು ಬರಬಹುದಿತ್ತು. ಹಿಡಿದ ಪ್ರತಿ ನಾಯಿಯ ಫೋಟೊ, ಹಿಡಿದ ಜಾಗ, ದಿನಾಂಕವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ, ಒಡೆಯ ಬಂದು ಲಸಿಕೆ ಹಾಕಿಸಿ ಬಿಡಿಸಿಕೊಳ್ಳಲು ಒಂದು ವಾರ ಕೊಡುವುದು ಅಬ್ಬೆತುಮಕೂರಿನಂಥ ಊರಿಗೆ ಅತ್ಯಗತ್ಯ.

ಆದೇಶದಂತೆ ಶಾಲೆ, ಆಸ್ಪತ್ರೆಗಳ ಆವರಣವನ್ನು ಸ್ಥಳೀಯ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆ ಮಾಡಬೇಕು. ಅದೇ ಕಟ್ಟುನಿಟ್ಟು ಆಶ್ರಯತಾಣಕ್ಕೂ ಇರಲಿ, ಆದರೆ ನಗರಸಭೆಯವರಿಂದಲ್ಲ. ಜಿಲ್ಲಾಧಿಕಾರಿ ನೇತೃತ್ವದ ಪ್ರಾಣಿ ದಯಾ ಸಂಘ, ಬೇರೆ ತಾಲ್ಲೂಕಿನ ಪಶುವೈದ್ಯರೊಬ್ಬರು ಮತ್ತು ಊರಿನ ಇಬ್ಬರು ನಾಗರಿಕರು ಹೇಳದೆ ಕೇಳದೆ ಹೋಗಲಿ. ಮೊದಲ ಭೇಟಿ ಮೇ ತಿಂಗಳಲ್ಲಿ, ಕಚೇರಿಗಳೆಲ್ಲ ಮುಚ್ಚಿದ ಮೇಲೆ, ಮಧ್ಯಾಹ್ನ ಮೂರಕ್ಕೆ ನಡೆಯಲಿ. ಬಂದ, ಸತ್ತ, ಉಳಿದ ನಾಯಿಗಳ ಸಂಖ್ಯೆಯನ್ನು ಆ ವಾರವೇ ಆಶ್ರಯತಾಣದ ಗೇಟಿನ ಮೇಲೆ ಕನ್ನಡದಲ್ಲಿ ಬರೆದು ಹಾಕಲಿ.