ಬಂಪರಿನ ಒಳಗೆ ನೋಡುವವರು ಯಾರು ಸ್ವಾಮಿ?

ದೋಣಿ ಕಟ್ಟುವವರ ಬಗ್ಗೆ ಬರೆಯೋಣ ಎಂದು ಕರಾವಳಿಯ ಒಂದು ಮೀನುಗಾರಿಕಾ ಬಂದರಿಗೆ ಹೋಗಿದ್ದೆವು. ತಗಡಿನ ಶೆಡ್ಡಿನ ಒಂದು ಬದಿಯಲ್ಲಿ ಮಗುಚಿ ಹಾಕಿದ ಫೈಬರ್ ದೋಣಿ, ಇನ್ನೊಂದು ಬದಿಯಲ್ಲಿ ಸೆಕೆಂಡ್ ಹ್ಯಾಂಡ್ ಆಡಿ ಟಿಟಿ. ಎರಡು ಬಾಗಿಲಿನ, ಗುಂಡು ಬೆನ್ನಿನ ಆ ಸ್ಪೋರ್ಟ್ಸ್ ಕಾರಿನ ಮೂತಿ ಬಿಚ್ಚಿ ಇಟ್ಟಿದ್ದರು. ಪಕ್ಕದಲ್ಲಿ ಹೊಸ ಬಂಪರ್, ಚಕ್ರದ ಮೇಲೆ ಕೂರಿಸುವ ಅಗಲದ ಮಡ್‌ಗಾರ್ಡ್‌ಗಳು, ಹಿಂದಕ್ಕೆ ಒಂದು ದೊಡ್ಡ ರೆಕ್ಕೆ. ದೋಣಿ ಮರೆತು ಅಲ್ಲೇ ನಿಂತೆವು.

"ಎರಡೂ ಒಂದೇ ಕೆಲಸ ಮಾರಾಯ್ರೆ. ಅಚ್ಚಿಗೆ ವ್ಯಾಕ್ಸ್ ಹೊಡಿಬೇಕು, ಜೆಲ್‌ಕೋಟ್ ಹೊಡಿಬೇಕು, ಮ್ಯಾಟ್ ಹಾಸಿ ರೆಸಿನ್ ಕುಡಿಸ್ಬೇಕು. ದೋಣಿ ಆದ್ರೆ ಎಂತ, ಬಂಪರ್ ಆದ್ರೆ ಎಂತ" ಎಂದರು ಫೈಬರ್ ಕೆಲಸದ ಅಣ್ಣ. ಕೈ ಚಳಕ ನಿಜಕ್ಕೂ ಸೊಗಸು. ಬಾನೆಟ್ಟಿಗೂ ಬಂಪರಿಗೂ ನಡುವಿನ ಸಂದು ಬಲಕ್ಕೂ ಎಡಕ್ಕೂ ಒಂದೇ ಸಮ ಬರುವವರೆಗೆ ಉಜ್ಜುತ್ತಲೇ ಇದ್ದರು.

ಆದರೆ ಗೋಡೆಯ ಪಕ್ಕ ಬಿಳಿ ಫೋಮಿನ ಉದ್ದ ತುಂಡೊಂದು ಬಿದ್ದಿತ್ತು. ಏನಿದು ಎಂದು ಕೇಳಿದೆವು. "ಅದು ಕಂಪನಿ ಬಂಪರಿನ ಒಳಗೆ ಇದ್ದದ್ದು. ಹೊಸದಕ್ಕೆ ಅಡ್ಡ ಬರ್ತದೆ, ತೆಗೆದದ್ದು." ಕಾರಿನ ಯಜಮಾನ, ಗಲ್ಫಿನಲ್ಲಿ ದುಡಿದು ಬಂದ ಹುಡುಗ, ನಕ್ಕು ಹೇಳಿದ: "ಬಿಡಿ ಸಾರ್, ಒಳಗೆ ಯಾರು ನೋಡ್ತಾರೆ?"

ಈ ಲೇಖನ ಆ ಒಂದು ಪ್ರಶ್ನೆಗೆ ನಮ್ಮ ಉತ್ತರ.

ಹಳ್ಳಿ ಸುದ್ದಿ ಬರೆಯಲು ಕಲಿತವರಿಗೆ ಸ್ಪೋರ್ಟ್ಸ್ ಕಾರಿನ ಗೊಡವೆ ಏಕೆ ಎಂದು ಕೇಳುವವರು ಇದ್ದೇ ಇರುತ್ತೀರಿ. ಕಾರಣ ಸರಳ. ಆ ಬಂಪರ್ ಕಟ್ಟಿದ ಕೈ ನಮ್ಮೂರಿನದು. ಹೆದ್ದಾರಿ ದಾಟುವಾಗ ಆ ಬಂಪರಿಗೆ ಸಿಗುವ ಮೊಣಕಾಲೂ ನಮ್ಮೂರಿನದೇ. ನಡುವೆ ಇರುವ ಕಾನೂನು ಇಬ್ಬರನ್ನೂ ಕಾಯುತ್ತಿಲ್ಲ.

ಮೊದಲು ಆ ಫೋಮಿನ ವಿಷಯ. ನಾವು ಬಂಪರ್ ಎಂದು ಕರೆಯುವ ಬಣ್ಣದ ಪ್ಲಾಸ್ಟಿಕ್ ನಿಜವಾಗಿ ಬಂಪರಿನ ಅಂಗಿ ಅಷ್ಟೆ. ಅದರ ಹಿಂದೆ ಗುದ್ದನ್ನು ನುಂಗುವ ಫೋಮ್, ಅದರ ಹಿಂದೆ ಉಕ್ಕಿನ ಅಥವಾ ಅಲ್ಯೂಮಿನಿಯಂ ತೊಲೆ, ತೊಲೆಯ ಎರಡೂ ತುದಿಯಲ್ಲಿ ಬೇಕೆಂದೇ ಕುಸಿಯುವಂತೆ ಮಾಡಿದ ಡಬ್ಬಿಗಳು. ಸಣ್ಣ ಗುದ್ದಿಗೆ ಫೋಮ್, ದೊಡ್ಡ ಗುದ್ದಿಗೆ ತೊಲೆ ಮತ್ತು ಡಬ್ಬಿ. ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಸೆನ್ಸರುಗಳು ಕಾದು ಕೂತಿರುವುದು ಈ ಸಾಲು ಹೀಗೆಯೇ ಕುಸಿಯುತ್ತದೆ ಎಂಬ ಲೆಕ್ಕದ ಮೇಲೆ. ಇನ್ನು ಪಾದಚಾರಿಯ ಕಾಲಿಗೆ ಬಂಪರ್ ತಾಗಿದಾಗ ಮೂಳೆಗೂ ತೊಲೆಗೂ ನಡುವೆ ಇರುವ ಮೆತ್ತನೆಯ ವಸ್ತು ಆ ಫೋಮ್. ಪಾದಚಾರಿ ರಕ್ಷಣೆಗೆಂದೇ ನಮ್ಮ ದೇಶದಲ್ಲಿ ಎಐಎಸ್-100 ಎಂಬ ಮಾನದಂಡ ಇದೆ. ಆ ಮಾನದಂಡದ ಆತ್ಮ ಶೆಡ್ಡಿನ ಗೋಡೆಯ ಪಕ್ಕ ಧೂಳು ತಿನ್ನುತ್ತಿತ್ತು.

ಕಂಪನಿಯ ಬಂಪರ್ ಬಾಗುವ ಪ್ಲಾಸ್ಟಿಕ್. ಗುದ್ದಿದರೆ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬರುತ್ತದೆ. ಕೈಯಲ್ಲಿ ಹಾಸಿದ ಗಾಜಿನ ನಾರಿನ ಫೈಬರ್ ಹಾಗೆ ಬಾಗುವುದಿಲ್ಲ, ಸೀಳುತ್ತದೆ. ಸೀಳಿದ ಅಂಚು ಬ್ಲೇಡಿನ ಹಾಗೆ. ಹಾಗಂತ ಫೈಬರ್ ಕೀಳಲ್ಲ. ಅಮೆರಿಕದ ಕಾರ್ವೆಟ್ 1953ರಲ್ಲಿ ಹೊರಬಂದಾಗಲೇ ಅದರ ಇಡೀ ಮೈ ಫೈಬರ್. ತಪ್ಪಾಗುವುದು ವಸ್ತುವಿನಿಂದಲ್ಲ, ಒಳಗಿನದನ್ನು ಕಿತ್ತು ಹೊರಗಿನದನ್ನು ಮಾತ್ರ ಕೂರಿಸುವ ರೀತಿಯಿಂದ.

ಮಡ್‌ಗಾರ್ಡಿನದು ಇನ್ನೊಂದು ಕಥೆ. ಆ ತಲೆಮಾರಿನ ಟಿಟಿಯ ಮುಂದಿನ ಮಡ್‌ಗಾರ್ಡ್ ಅಲ್ಯೂಮಿನಿಯಂ. ಅಗಲದ ಕಿಟ್ ಕೂರಿಸಲು ಹಿಂಚಕ್ರದ ಮೇಲಿನ ತಗಡನ್ನು ಗ್ರೈಂಡರಿನಲ್ಲಿ ಕತ್ತರಿಸುತ್ತಾರೆ. ಅಲ್ಲಿ ಒಳತಗಡು ಹೊರತಗಡು ಎಂಬ ಎರಡು ಪದರ ಸೇರಿರುತ್ತವೆ. ಕತ್ತರಿಸಿದ ಮೇಲೆ ಆ ಬಾಯಿಯನ್ನು ಮತ್ತೆ ಬೆಸೆದು, ಪ್ರೈಮರ್ ಹೊಡೆದು, ಸೀಲ್ ಮಾಡದಿದ್ದರೆ ಕರಾವಳಿಯ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿ ಒಳಗಿನಿಂದ ತಿನ್ನುತ್ತವೆ. ಮುಂದಿನ ಅಲ್ಯೂಮಿನಿಯಮ್ಮಿಗೆ ಉಕ್ಕಿನ ಸ್ಕ್ರೂ ಹೊಡೆದರೆ ಆ ಜೋಡಿಯೇ ತುಕ್ಕಿಗೆ ಆಹ್ವಾನ. ಮೇಲೆ ಮಾತ್ರ ಕಿಟ್ ಹೊಳೆಯುತ್ತಲೇ ಇರುತ್ತದೆ.

ರೆಕ್ಕೆಯ ವಿಷಯದಲ್ಲಂತೂ ಟಿಟಿಯ ಚರಿತ್ರೆಯೇ ಪಾಠ. 1998ರಲ್ಲಿ ಬಂದ ಮೊದಲ ತಲೆಮಾರಿನ ಟಿಟಿಗೆ ಹಿಂದೆ ಸ್ಪಾಯ್ಲರ್ ಇರಲಿಲ್ಲ. ಜರ್ಮನಿಯ ಹೆದ್ದಾರಿಗಳಲ್ಲಿ ಅತಿ ವೇಗದಲ್ಲಿ ಹಿಂಬದಿ ಹಗುರಾಗಿ ಕಾರು ಹಿಡಿತ ತಪ್ಪಿದ ಪ್ರಕರಣಗಳಾದವು, ಜೀವಗಳು ಹೋದವು. ಕೊನೆಗೆ ಕಂಪನಿಯೇ ಕಾರುಗಳನ್ನು ವಾಪಸ್ ಕರೆದು ಹಿಂದೆ ಸಣ್ಣ ಸ್ಪಾಯ್ಲರ್ ಕೂರಿಸಿ, ಸಸ್ಪೆನ್ಷನ್ ತಿದ್ದಿ, ಸ್ಥಿರತೆಯ ಎಲೆಕ್ಟ್ರಾನಿಕ್ ವ್ಯವಸ್ಥೆ ಸೇರಿಸಿ ಕೊಟ್ಟಿತು. ಎರಡನೇ ತಲೆಮಾರಿನಲ್ಲಿ ಗಂಟೆಗೆ 120 ಕಿ.ಮೀ. ದಾಟಿದರೆ ತಾನೇ ಮೇಲೇಳುವ ಸ್ಪಾಯ್ಲರ್ ಬಂತು. ನಾವು ನೋಡಿದ ಕಾರಿನಲ್ಲಿ ಆ ಏಳುವ ಸ್ಪಾಯ್ಲರಿನ ವೈರ್ ಕಿತ್ತು, ಅದರ ಮೇಲೆ ಯಾರೋ ಕಣ್ಣಳತೆಯಲ್ಲಿ ಬಗ್ಗಿಸಿದ ರೆಕ್ಕೆ ಬೋಲ್ಟ್ ಮಾಡಲು ಹೊರಟಿದ್ದರು. ಜೀವ ಹೋದ ಮೇಲೆ ಕಲಿತ ಪಾಠವನ್ನು ಎರಡು ಸ್ಪ್ಯಾನರಿನಲ್ಲಿ ಬಿಚ್ಚಿ ಹಾಕುವುದು ಎಂದರೆ ಇದೇ.

ಇಷ್ಟು ಓದಿದವರು "ಹಾಗಾದರೆ ನಿಷೇಧವೇ ಸರಿ" ಎನ್ನಬಹುದು. ಅಲ್ಲ. ನಮ್ಮ ಜಗಳ ಇರುವುದೇ ನಿಷೇಧದ ಜೊತೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಕಾಯ್ದೆ ಒಪ್ಪದ ರೀತಿಯಲ್ಲಿ ಭಾಗ ಕೂರಿಸಿ ಮಾರ್ಪಾಡು ಮಾಡಿದರೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಬಂತು. ಕೇಳಲು ಬಿಗಿ. ಆದರೆ ಆರ್‌ಸಿ ತೆಗೆದು ನೋಡಿ. ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣ, ಸೀಟು, ತೂಕ ಇವೆ. ಬಂಪರಿನ ಹೆಸರೇ ಇಲ್ಲ. ಹಾಗಾದರೆ ಬಂಪರ್ ಬದಲಿಸಿದ್ದು ಮಾರ್ಪಾಡೋ, ಅಲಂಕಾರವೋ? ಆ ಗೆರೆಯನ್ನು ಎಳೆಯುವುದು ರಸ್ತೆ ಬದಿಯಲ್ಲಿ, ಕೈ ಅಡ್ಡ ಹಿಡಿದು ನಿಲ್ಲಿಸಿದವರು. ಕಣ್ಣಿಗೆ ಕಂಡ ರೆಕ್ಕೆಗೆ ದಂಡ ಬೀಳಬಹುದು. ಕಣ್ಣಿಗೆ ಕಾಣದ ಫೋಮಿನ ಬಗ್ಗೆ ಯಾರೂ ಕೇಳುವುದಿಲ್ಲ.

ನಿಷೇಧ ಮಾಡಿದ ನಿಜವಾದ ಕೆಲಸ ಇಷ್ಟೆ: ಕಸುಬನ್ನು ಕತ್ತಲಿಗೆ ತಳ್ಳಿದೆ. ಫೈಬರ್ ಅಣ್ಣ ಬಿಲ್ ಕೊಡುವುದಿಲ್ಲ, ಬಂಪರಿನ ಮೇಲೆ ತನ್ನ ಹೆಸರು ಒತ್ತುವುದಿಲ್ಲ, ಎಂಜಿನಿಯರ್ ಒಬ್ಬರನ್ನು ಕರೆದು ಕೇಳುವುದಿಲ್ಲ. ಕೇಳಿದರೆ ತಪ್ಪೊಪ್ಪಿಕೊಂಡ ಹಾಗೆ. ಗಿರಾಕಿ ವಿಮಾ ಕಂಪನಿಗೆ ತಿಳಿಸುವುದಿಲ್ಲ. ನಾಳೆ ಅಪಘಾತವಾದರೆ ಕ್ಲೇಮಿಗೆ ತಕರಾರು ಬರುತ್ತದೆ, ಹೊಣೆ ಹೊರುವವರು ಯಾರೂ ಇರುವುದಿಲ್ಲ.

ಇನ್ನು ಕಿಟ್ ಎಂದರೆ ಮೂಗು ಮುರಿಯುವವರಿಗೆ ಎರಡು ಮಾತು. ಅಗಲದ ಮಡ್‌ಗಾರ್ಡ್ ಪಡ್ಡೆ ಹುಡುಗರ ಹುಚ್ಚಿನಿಂದ ಹುಟ್ಟಿದ್ದಲ್ಲ. 1976ರಿಂದ ನಡೆದ ಗ್ರೂಪ್ 5 ರೇಸುಗಳಲ್ಲಿ ಬಾನೆಟ್, ಛಾವಣಿ, ಬಾಗಿಲುಗಳ ಮೂಲ ಆಕಾರ ಉಳಿಸಿಕೊಂಡು ಮಡ್‌ಗಾರ್ಡನ್ನು ಅಗಲಿಸಲು ನಿಯಮವೇ ಅವಕಾಶ ಕೊಟ್ಟಿತ್ತು. ದಪ್ಪ ಟೈರನ್ನು ಮುಚ್ಚಲು ಅದು ಬೇಕಿತ್ತು. ಹಾಗೆ ಅಗಲಿಸಿಕೊಂಡ ಪೋರ್ಷೆ 935 ಕಾರು 1979ರ ಲೆ ಮಾನ್ಸ್ 24 ಗಂಟೆಗಳ ರೇಸನ್ನೇ ಗೆದ್ದಿತು. ಜಪಾನಿನ ಅಕಿರಾ ನಕಾಯಿ ಪೋರ್ಷೆ 911ರ ಮಡ್‌ಗಾರ್ಡನ್ನು ತಾವೇ ಕತ್ತರಿಸಿ ತಾವೇ ಕಿಟ್ ಕೂರಿಸುತ್ತಾರೆ. ಅದಕ್ಕಾಗಿ ದೇಶ ದೇಶಗಳಿಂದ ಅವರನ್ನು ಕರೆಸಿಕೊಳ್ಳುತ್ತಾರೆ. ಅವರ ಗ್ರೈಂಡರ್ ಕಲೆ, ನಮ್ಮ ಬಂದರಿನ ಗ್ರೈಂಡರ್ ಅಪರಾಧ ಎನ್ನುವುದು ಯಾವ ನ್ಯಾಯ? ಜಪಾನ್ ಮಾರ್ಪಾಡಿನ ನಿಯಮಗಳನ್ನು 1995ರಲ್ಲಿ ಸಡಿಲಿಸಿತು. ಆದರೆ ಕಾರು ಎರಡು ವರ್ಷಕ್ಕೊಮ್ಮೆ ಕಟ್ಟುನಿಟ್ಟಿನ ತಪಾಸಣೆಗೆ ಹೋಗಲೇಬೇಕು ಎಂಬುದನ್ನು ಬಿಡಲಿಲ್ಲ.

ಜರ್ಮನಿಯ ದಾರಿ ಇನ್ನೂ ಸ್ಪಷ್ಟ. ಅಲ್ಲಿ ಕಿಟ್ಟಿನ ಜೊತೆ ಪರೀಕ್ಷಾ ವರದಿ ಬರುತ್ತದೆ. ಯಾವ ವಸ್ತು, ಒಡೆದರೆ ಹೇಗೆ ಚೂರಾಗುತ್ತದೆ, ಬೆಂಕಿ ತಗುಲಿದರೆ ಹೇಗೆ ಉರಿಯುತ್ತದೆ ಎಂಬುದನ್ನೂ ನೋಡಿರುತ್ತಾರೆ. ಟ್ಯೂಫ್‌ನಂಥ ಸಂಸ್ಥೆಯ ತಜ್ಞರು ಕೂರಿಸಿದ ರೀತಿ ಪರಿಶೀಲಿಸಿ ಒಪ್ಪಿಗೆ ಬರೆದುಕೊಡುತ್ತಾರೆ. ಕಾರಿನ ಹೊರಮೈಯ ಚಾಚುಗಳ ಬಗ್ಗೆ ವಿಶ್ವಸಂಸ್ಥೆಯ ಒಂದು ನಿಯಮವೇ ಇದೆ. ಯಾರಿಗಾದರೂ ತಾಗಬಹುದಾದ ಗಟ್ಟಿ ಅಂಚಿನ ದುಂಡು 2.5 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂಬಷ್ಟು ಸೂಕ್ಷ್ಮ. ಅಲ್ಲಿ ಒಳಗೆ ನೋಡುವವರು ಇದ್ದಾರೆ.

"ಅದು ಜರ್ಮನಿ, ಇದು ಇಂಡಿಯಾ" ಎಂಬ ಹಳೆ ರಾಗ ಬೇಡ. ಇದೇ ಇಂಡಿಯಾದಲ್ಲಿ ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಕೂರಿಸಬಹುದು. ಕಿಟ್ಟಿಗೆ ಅನುಮೋದನೆ ಇರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು, ಅಷ್ಟೆ. ಡಿಕ್ಕಿಯಲ್ಲಿ ಒತ್ತಡ ತುಂಬಿದ ಸಿಲಿಂಡರ್ ಇಡಲು ದಾರಿ ಇರುವಾಗ ಮೂತಿಗೆ ಫೈಬರ್ ಕೂರಿಸಲು ದಾರಿ ಇಲ್ಲವೇ? ಅಂಗವಿಕಲರಿಗೆ ಬೇಕಾದಂತೆ ವಾಹನ ಮಾರ್ಪಡಿಸಲು ಅದೇ 52ನೇ ಕಲಂ ಅವಕಾಶ ಕೊಡುತ್ತದೆ. ಬಸ್ಸಿನ ಬಾಡಿ ಕಟ್ಟುವವರಿಗೆ ಎಐಎಸ್-052, ಲಾರಿಯ ಬಾಡಿಗೆ ಎಐಎಸ್-093 ಎಂಬ ಸಂಹಿತೆಗಳಿವೆ. ಅಂದರೆ ಕಂಪನಿಯ ಹೊರಗೆ ಕಟ್ಟಿದ ಬಾಡಿಯನ್ನು ಅಳೆಯುವುದು ಹೇಗೆಂದು ಸರ್ಕಾರಕ್ಕೆ ಗೊತ್ತು. ಇಷ್ಟು ಮಾತ್ರ ಗೊತ್ತಿಲ್ಲದ ನಟನೆ ಯಾಕೆ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಕಿಟ್ಟಿನ ಭಾಗಗಳನ್ನು ಎರಡು ಪಟ್ಟಿ ಮಾಡಿ. ಕಂಪನಿಯ ಭಾಗವನ್ನು ಬಿಚ್ಚದೆ ಅದರ ಮೇಲೆ ಅಂಟಿಸುವ ಸಣ್ಣ ಪಟ್ಟಿ, ಅಡಿಯ ಸ್ಕರ್ಟ್ ಇಂಥವನ್ನು ಅಂಚು ಚೂಪಿಲ್ಲ, ಕಳಚಿ ಬೀಳುವುದಿಲ್ಲ ಎಂಬ ಷರತ್ತಿನ ಮೇಲೆ ಬಿಡಿ. ಬಂಪರ್, ಬಾನೆಟ್, ಕತ್ತರಿಸಿ ಕೂರಿಸುವ ಮಡ್‌ಗಾರ್ಡ್, ದೊಡ್ಡ ರೆಕ್ಕೆ ಇವಕ್ಕೆ ಪರೀಕ್ಷೆ ಇಡಿ. ಒಂದು ಅಚ್ಚನ್ನು ಒಮ್ಮೆ ಪರೀಕ್ಷಿಸಿದರೆ ಆ ಅಚ್ಚಿಗೆ ನಂಬರ್ ಕೊಡಿ. ನಾಲ್ಕಾರು ಶೆಡ್ಡಿನವರು ಸೇರಿ ಅದರ ಖರ್ಚು ಹಂಚಿಕೊಳ್ಳಲಿ. ಭಾಗದ ಮೇಲೆ ಮಾಡಿದವರ ಹೆಸರು, ಕೈಯಲ್ಲಿ ಬಿಲ್ಲು, ಆರ್‌ಸಿಯಲ್ಲಿ ನಮೂದು ಇರಲಿ. ನಮ್ಮ ಪಾಲಿಟೆಕ್ನಿಕ್‌ಗಳಲ್ಲಿ ಆಟೊಮೊಬೈಲ್ ಓದಿಸುವ ಮೇಷ್ಟ್ರುಗಳಿಗೆ ಈ ತಪಾಸಣೆಯ ತರಬೇತಿ ಕೊಟ್ಟರೆ ಶೆಡ್ಡಿಗೂ ಕಾಲೇಜಿಗೂ ಒಂದು ನಂಟು ಹುಟ್ಟುತ್ತದೆ.

ತಪಾಸಣೆ ಎಂದರೆ ಲಂಚಕ್ಕೆ ಇನ್ನೊಂದು ಕಿಟಕಿ ತೆರೆದ ಹಾಗೆ ಎಂಬ ಭಯ ನಮಗೂ ಇದೆ. ಆದರೆ ಇವತ್ತು ಕಿಟಕಿ ಇಲ್ಲ, ಇಡೀ ಗೋಡೆಯೇ ಇಲ್ಲ. ಏನು ಬೇಕಾದರೂ ತಪ್ಪು, ಏನು ಬೇಕಾದರೂ ಸರಿ ಎಂಬಲ್ಲಿ ಚೌಕಾಸಿಗೆ ಮಿತಿಯಿಲ್ಲ. ಬರೆದಿಟ್ಟ ಅಳತೆ ಇದ್ದರೆ ಬಡಪಾಯಿ ಕೂಡ "ಅಳೆದು ನೋಡಿ ಸ್ವಾಮಿ" ಎನ್ನಬಹುದು.

ಕಾನೂನು ಬದಲಾಗುವವರೆಗೆ ನಮ್ಮ ಹುಡುಗರಿಗೆ ಒಂದು ಮಾತು. ನಿಮ್ಮ ಆಸೆಯನ್ನು ನಾವು ಹೀಯಾಳಿಸುವುದಿಲ್ಲ. ಬೆವರಿನ ದುಡ್ಡಿನಲ್ಲಿ ಕೊಂಡ ಕಾರು ತನ್ನಂತೆ ಕಾಣಲಿ ಎನ್ನುವುದು ಪಾಪವಲ್ಲ. ಆದರೆ ಫೋಮ್ ಮತ್ತು ತೊಲೆಗೆ ಜಾಗ ಬಿಡದ ಬಂಪರನ್ನು ಮನೆಗೆ ತರಬೇಡಿ. ಬಣ್ಣ ಹೊಡೆಯುವ ಮೊದಲು ಒಮ್ಮೆ ಒಣ ಜೋಡಣೆ ಮಾಡಿಸಿ, ಒಳಗೆ ಟಾರ್ಚ್ ಹಿಡಿದು ನೀವೇ ನೋಡಿ. ಕತ್ತರಿಸಿದ ತಗಡಿನ ಬಾಯಿ ಮುಚ್ಚಿದ್ದಾರೆಯೇ ಕೇಳಿ. ಏಳುವ ಸ್ಪಾಯ್ಲರಿನ ವೈರ್ ಕೀಳಲು ಬಂದರೆ ಕೈ ಹಿಡಿಯಿರಿ. ಇಷ್ಟು ಮಾಡಿದರೂ ಇವತ್ತಿನ ಕಾನೂನಿನ ಮುಂದೆ ದಂಡ ತಪ್ಪುತ್ತದೆ ಎಂದು ನಾವು ಹೇಳಲಾರೆವು. ಯಾರದೋ ಮೊಣಕಾಲು ಉಳಿಯಬಹುದು.

ಅವತ್ತು ಸಂಜೆ ಹೊರಡುವ ಮೊದಲು ಇದನ್ನೆಲ್ಲ ಫೈಬರ್ ಅಣ್ಣನಿಗೆ ಹೇಳಿದೆವು. ಅವರು ಫೋಮಿನ ತುಂಡನ್ನು ಎತ್ತಿ ಒರೆಸಿ ನೋಡಿದರು. "ಇದು ಇಷ್ಟೆಲ್ಲ ಮಾಡ್ತದೆ ಅಂತ ನಮಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ದೋಣಿಗಾದ್ರೆ ತೇಲ್ಲಿಕ್ಕೆ ಫೋಮ್ ತುಂಬಿಸ್ಲೇಬೇಕು ಅಂತ ಅಪ್ಪ ಕಲಿಸಿದ್ರು" ಎಂದರು.

ಹೇಳಿಕೊಟ್ಟರೆ ಮಾಡುವ ಕೈ ಅದು. ಆ ಕೈಗೆ ಕೋಳ ತೋರಿಸುವ ಕಾನೂನು ಇದೆ, ಅಳತೆಪಟ್ಟಿ ಕೊಡುವ ಕಾನೂನು ಇಲ್ಲ. ನಾವು ಕೇಳುತ್ತಿರುವುದು ಆ ಅಳತೆಪಟ್ಟಿಯನ್ನು.