ತೂಗಬೇಕಾದದ್ದು ತಪ್ಪನ್ನು, ಮನುಷ್ಯನನ್ನಲ್ಲ

ಕೊಂದವನಿಗೆ ಗಲ್ಲೇ ಸರಿ ಅಂತ ಬಹಳ ವರ್ಷ ವಾದಿಸಿದವನು ನಾನು. ಅಮೆರಿಕದ ಎರಡು ಪ್ರಕರಣ ಓದಿದ ಮೇಲೆ ಆ ಮಾತು ಸಲೀಸಾಗಿ ಬಾಯಿಗೆ ಬರುತ್ತಿಲ್ಲ.

ಚಾರ್ಲ್ಸ್ ರೈನ್ಸ್ ಸಲಿಂಗಿ. 1992ರಲ್ಲಿ ಸೌತ್ ಡಕೋಟಾದ ಅಂಗಡಿಯೊಂದಕ್ಕೆ ಕಳ್ಳತನಕ್ಕೆ ನುಗ್ಗಿ ಯುವಕನೊಬ್ಬನನ್ನು ಕೊಂದ. ತಪ್ಪು ಅವನದೇ, ಎರಡು ಮಾತಿಲ್ಲ. ಆದರೆ ಶಿಕ್ಷೆ ತೀರ್ಮಾನಿಸುವಾಗ, ಇವನನ್ನು ಗಂಡಸರ ಜೈಲಿಗೆ ಕಳಿಸಿದರೆ ಬೇಕಾದಲ್ಲಿಗೇ ಕಳಿಸಿದಂತೆ ಎಂಬ ಮಾತು ಬಂದಿತ್ತೆಂದು ಜ್ಯೂರಿಯವರೇ ಆಮೇಲೆ ಹೇಳಿದರು. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆಗಳು ಅವನ ಪರವಾಗಿ ಸುಪ್ರೀಂ ಕೋರ್ಟಿಗೆ ಮನವಿ ಕೊಟ್ಟವು. ಕೋರ್ಟು ಕಿವಿಗೊಡಲಿಲ್ಲ. 2019ರ ನವೆಂಬರಿನಲ್ಲಿ ವಿಷದ ಚುಚ್ಚುಮದ್ದಿನಿಂದ ಅವನ ಜೀವ ತೆಗೆದರು.

ತಮ್ಮವನು ಅಂತ ನಿಂತರು ಬಿಡಿ ಅಂತೀರೇನು? ಹಾಗಲ್ಲ. 1998ರಲ್ಲಿ ವಯೋಮಿಂಗ್‌ನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ 21ರ ಸಲಿಂಗಿ ವಿದ್ಯಾರ್ಥಿಯನ್ನು ಇಬ್ಬರು ಬೇಲಿಗೆ ಕಟ್ಟಿ ಬಡಿದುಹೋದರು, ಹುಡುಗ ಉಳಿಯಲಿಲ್ಲ. ಆಗಲೂ ಇಂಥ ಹಲವು ಸಂಘಟನೆಗಳು ಕೊಂದವರಿಗೆ ಮರಣದಂಡನೆ ಬೇಡ ಎಂದವು. ಕೊನೆಗೆ ತಂದೆತಾಯಿಯೂ ಒಪ್ಪಿ, 1999ರಲ್ಲಿ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು.

ಸತ್ತವನು ತಮ್ಮವನಾದಾಗಲೂ ಬೇಡ ಅನ್ನೋದಕ್ಕೆ ಎದೆ ಗಟ್ಟಿ ಬೇಕು. ಎಣಿಕೆಯಲ್ಲಿ ಕಡಿಮೆಯವರ ಅಂಜಿಕೆ ಭಾಷಾ ಅಲ್ಪಸಂಖ್ಯಾತರಾದ ನಮಗೂ ಗೊತ್ತು: ನಾಳೆ ತಪ್ಪಿನ ಬದಲು ನಮ್ಮನ್ನೇ ತಕ್ಕಡಿಗೆ ಹಾಕಿದರೆ? ನಮ್ಮ ದೇಶದ ಕಾನೂನಿನಲ್ಲೂ ಗಲ್ಲು ಇದೆ. ಕಾಳಿನ ತೂಕ ತಪ್ಪಿದರೆ ಮರಳಿ ತೂಗಬಹುದು. ಹೋದ ಜೀವ ಎಲ್ಲಿಂದ ತರೋಣ?